ಊಟದ ಜೊತೆ ಕುಡಿಯುವವರು

ನಮ್ಮ ಮನೆಯ ಅಟ್ಟ ಹತ್ತುವ ಅಧಿಕಾರ ಅವ್ವನದು. ತಿಪಟೂರು, ತುರುವೇಕೆರೆ ಕಡೆಯ ಮನೆಗಳಲ್ಲಿ ಅಟ್ಟವೆಂದರೆ ತೆಂಗಿನಕಾಯಿಯ ಜಾಗ. ಸಿಪ್ಪೆ ಸಮೇತ ಪೇರಿಸಿಟ್ಟ ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲೇ ಕೂತು, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಉಂಡೆ ಕೊಬ್ಬರಿಯಾಗುತ್ತದೆ. ಆ ರಾಶಿಯಲ್ಲಿ ಒಂದೇ ಒಂದು ಕಾಯಿ ಕೊಳೆತರೂ ಅವ್ವನಿಗೆ ಕೆಳಗೆ ಅಡುಗೆಮನೆಯಲ್ಲೇ ಗೊತ್ತಾಗುತ್ತಿತ್ತು. ಮಜ್ಜಿಗೆ ಕಡೆಯುತ್ತಿದ್ದವಳು ಕೈ ನಿಲ್ಲಿಸಿ, ಮುಖ ಮೇಲೆತ್ತಿ, ಗಾಳಿ ಮೂಸಿ, ಏಣಿ ಹತ್ತಿ, ನೇರವಾಗಿ ಒಂದು ಮೂಲೆಗೆ ಹೋಗಿ ಆ ಕಾಯನ್ನು ಎತ್ತಿಕೊಂಡು ಇಳಿಯುತ್ತಿದ್ದಳು. ಅಪ್ಪ ಇದನ್ನು ಹೊರಗೆ ಯಾರ ಮುಂದೆಯೂ ಹೊಗಳಿದವರಲ್ಲ. ಆದರೆ ಕಾಯಿ ಸುಲಿಸುವ ದಿನ ಗೊತ್ತುಮಾಡುವ ಮೊದಲು ಅವ್ವನನ್ನು ಕೇಳದೆ ಇದ್ದವರೂ ಅಲ್ಲ.

ಊಟದ ವಿಷಯದಲ್ಲೂ ಆ ಮೂಗಿನದೇ ಆಳ್ವಿಕೆ. ಯಾವ ಅಡುಗೆಯ ಜೊತೆ ಏನು ಕುಡಿಯಬೇಕು ಎಂಬುದಕ್ಕೆ ಅವ್ವ ಖಚಿತವಾದ ಕಟ್ಟಳೆ ಇಟ್ಟಿದ್ದಳು. ಮುದ್ದೆ, ಹುರುಳಿ ಸಾರಿನ ದಿನ ಗಟ್ಟಿ ಮಜ್ಜಿಗೆ. ಹುಣಿಸೆಹಣ್ಣು ಹಿಂಡಿದ ಸಾರಿದ್ದರೆ ಮಜ್ಜಿಗೆಯೂ ಚೆನ್ನಾಗಿ ಹುಳಿ ತಿರುಗಿರಬೇಕು, ಇಲ್ಲದಿದ್ದರೆ ಸಾರಿನ ಮುಂದೆ ಅದು ಬರೀ ಬಿಳಿ ನೀರು. ಒಬ್ಬಟ್ಟಿಗೆ ಸಕ್ಕರೆ ಹಾಕದ ಬಿಸಿ ಹಾಲು. ಎಳನೀರನ್ನು ಮಾತ್ರ ಊಟದ ಹತ್ತಿರ ತರುವಂತಿಲ್ಲ, ಅದರ ರುಚಿ ತೆಳು, ಯಾವುದರ ಜೊತೆಗೂ ನಿಲ್ಲುವುದಿಲ್ಲ ಎಂದು ಅವ್ವನ ತೀರ್ಮಾನ. ಮನೆಯಲ್ಲಿ ಎರಡು ಮೂರು ಮಜ್ಜಿಗೆ ಗಡಿಗೆಗಳು ಯಾವಾಗಲೂ ಇರುತ್ತಿದ್ದವು. ಹಿರಿಯ ಮಗಳಾದ ನಾನು ತಪ್ಪು ಗಡಿಗೆಯಿಂದ ಬಗ್ಗಿಸಿ ತಂದರೆ ಅವ್ವ ಲೋಟ ಮುಟ್ಟುವ ಮೊದಲೇ ವಾಪಸು ಕಳಿಸುತ್ತಿದ್ದಳು. ಎಲ್ಲರ ಮನೆಯಲ್ಲೂ ಹೀಗೆಯೇ ಎಂದು ನಾನು ತಿಳಿದಿದ್ದೆ. ಹಾಗಲ್ಲ, ಇದು ಒಂದು ವಿದ್ಯೆ ಎಂದು ನನಗೆ ತೋರಿಸಿಕೊಟ್ಟವಳು ಇಟಲಿ ದೇಶದ ಒಬ್ಬ ಹೆಂಗಸು.

ನಮ್ಮೂರಿನಿಂದ ಅಮ್ಮಸಂದ್ರಕ್ಕೆ ಎರಡು ಮೈಲಿ. ಅಲ್ಲಿನ ಸಿಮೆಂಟ್ ಕಾರ್ಖಾನೆಗೆ ಒಂದು ಹೊಸ ಯಂತ್ರ ಕೂಡಿಸಲು ಹೊರದೇಶದ ಇಂಜಿನಿಯರೊಬ್ಬರು ಬಂದಿದ್ದರು, ಜೊತೆಗೆ ಹೆಂಡತಿ. ಅತಿಥಿಗೃಹದಲ್ಲಿ ಸ್ವಂತ ಅಡುಗೆಗೆ ಅನುಕೂಲವಿರಲಿಲ್ಲ, ಆಕೆಗೆ ತಾನೇ ಬೇಯಿಸಿಕೊಳ್ಳದೆ ಆಗುತ್ತಿರಲಿಲ್ಲ. ನಮ್ಮ ಮನೆಗೆ ಅಂಟಿದಂತೆ ಚಿಕ್ಕಪ್ಪನಿಗೆಂದು ಕಟ್ಟಿಸಿದ ಎರಡು ಕೋಣೆ, ಒಂದು ಅಡುಗೆಮನೆ, ಮುಂದೊಂದು ಜಗಲಿ ಖಾಲಿ ಬಿದ್ದಿತ್ತು. ಚಿಕ್ಕಪ್ಪ ತಿಪಟೂರಿನಲ್ಲೇ ಕೊಬ್ಬರಿ ಅಂಗಡಿ ಇಟ್ಟು ಅಲ್ಲೇ ನೆಲೆಸಿದ್ದರು. ಯಾರೋ ಪರಿಚಯದವರು ಹೇಳಿದ ಮೇಲೆ ಅಪ್ಪ ಒಪ್ಪಿಕೊಂಡರು. ತಮಗೆ ಬರುತ್ತಿದ್ದ ಇಂಗ್ಲಿಷಿನಲ್ಲಿ ಒಂದೇ ಶರತ್ತು ಹಾಕಿದರು: ಮಾಂಸ, ಮೀನು, ಮೊಟ್ಟೆ ಈ ಹೊಸಿಲು ದಾಟಬಾರದು. ಹಣೆಯ ಮೇಲೆ ವಿಭೂತಿ ಇಟ್ಟ ಮನೆ ನಮ್ಮದು, ಅಜ್ಜಿ ಲಿಂಗಪೂಜೆ ಮುಗಿಸದೆ ನೀರು ಮುಟ್ಟುತ್ತಿರಲಿಲ್ಲ. ಅವರಿಬ್ಬರೂ ತಲೆಯಾಡಿಸಿ ಒಪ್ಪಿದರು. ಕುಡಿಯುವುದರ ಬಗ್ಗೆ ಅಪ್ಪ ಏನೂ ಹೇಳಲಿಲ್ಲ. ಹೆಂಗಸಿದ್ದ ಮನೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳಬೇಕಾದೀತು ಎಂದು ಅವರಿಗೆ ಹೊಳೆದಿರಲೂ ಇಲ್ಲ.

ಆಕೆಯ ಹೆಸರು ಲುಚಿಯಾ. ಅಜ್ಜಿ ಮೊದಲ ದಿನವೇ ಲಚ್ಚಮ್ಮ ಎಂದು ಕರೆದರು, ಊರೆಲ್ಲ ಅದನ್ನೇ ಹಿಡಿಯಿತು. ಮೂವತ್ತೈದರ ಆಸುಪಾಸಿನ, ಗಟ್ಟಿಮುಟ್ಟಾದ, ಕೆಂಪು ಕೈಗಳ ಹೆಂಗಸು. ಅವಳ ಅಪ್ಪ ಇಟಲಿಯ ಗುಡ್ಡಗಾಡಿನಲ್ಲಿ ದ್ರಾಕ್ಷಿ ಬೆಳೆಯುವ ರೈತ. ಅವಳ ಗಂಡ ಪಾವ್ಲೊ ಬೆಳಿಗ್ಗೆ ಜೀಪಿನಲ್ಲಿ ಹೋದರೆ ಸಂಜೆಗೇ ಬರುವುದು, ಭಾನುವಾರ ಮಾತ್ರ ಮನೆ. ಹೀಗಾಗಿ ಲುಚಿಯಾಳ ಹಗಲೆಲ್ಲ ಅವ್ವನ ಹಗಲಿಗೆ ಹೊಂದಿಕೊಂಡಿತು. ಎರಡು ಅಡುಗೆಮನೆಗಳಿಗೂ ಒಂದೇ ಗೋಡೆ, ಆ ಗೋಡೆಯಲ್ಲಿ ಒಂದು ಸಣ್ಣ ಕಿಟಕಿ. ಚಿರೋಟಿ ರವೆಯನ್ನು ನೀರಿನಲ್ಲೇ ಗಟ್ಟಿಯಾಗಿ ಕಲಸಿ, ನಾದಿ, ಚಪಾತಿಯಂತೆ ಲಟ್ಟಿಸಿ, ಚಾಕುವಿನಿಂದ ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಅವಳು ಹಗ್ಗದ ಮೇಲೆ ಒಣಗಹಾಕುವುದನ್ನು ಅವ್ವ ಆ ಕಿಟಕಿಯಿಂದ ನೋಡಿ, ಶ್ಯಾವಿಗೆಯ ದೊಡ್ಡಕ್ಕ ಇದ್ದಂಗದೆ ಎಂದಳು. ಟೊಮೊಟೊ ಹಣ್ಣು, ಬೆಳ್ಳುಳ್ಳಿ, ಕಡಲೆಕಾಯಿ ಎಣ್ಣೆ, ಉಪ್ಪು, ಇಷ್ಟರಲ್ಲೇ ಅವಳ ಗೊಜ್ಜು ಮುಗಿಯುತ್ತಿತ್ತು. ಖಾರವಿಲ್ಲ, ಹುಳಿಪುಡಿಯಿಲ್ಲ, ತೆಂಗಿನಕಾಯಿ ತುರಿಯಿಲ್ಲ. ಅಲಸಂದೆ ಕಾಳನ್ನು ಕರಗುವಷ್ಟು ಬೇಯಿಸಿ ಅದಕ್ಕೆ ಈ ಪಟ್ಟಿಗಳ ಚೂರು ಹಾಕಿ ಮಾಡುತ್ತಿದ್ದ ಗಂಜಿ ನನಗೆ ಬಲು ಇಷ್ಟವಾಗಿತ್ತು. ಅವಳ ಒಲೆಯ ಅಡುಗೆಯನ್ನು ನಮ್ಮ ಮನೆಯಲ್ಲಿ ಬೇರೆ ಯಾರೂ ತಿನ್ನುತ್ತಿರಲಿಲ್ಲ. ನಾನು ಅವಳ ಹಿತ್ತಿಲ ಮೆಟ್ಟಿಲ ಮೇಲೆ ಕೂತು ತಿನ್ನುವಾಗ ಅವ್ವ ಕಿಟಕಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದಳು, ಅದೇ ಅವಳ ಅನುಮತಿ.

ಮೂರನೆಯ ತಿಂಗಳಲ್ಲಿರಬೇಕು, ಲುಚಿಯಾ ನನಗೆ ಆಡಲು ಶೀಸೆಯ ಒಂದು ಬಿರಡೆ ಕೊಟ್ಟಳು. ಹಗುರವಾದ, ಒತ್ತಿದರೆ ಮೆತ್ತಗಾಗುವ ಬಿರಡೆ, ಒಂದು ತುದಿ ನೇರಳೆ ಬಣ್ಣ. ಅದನ್ನು ಲಂಗದ ಜೇಬಿನಲ್ಲಿಟ್ಟುಕೊಂಡು ನಾನು ಒಳಗೆ ಬರುತ್ತಲೇ ಅವ್ವನ ಕೈ ನಿಂತಿತು. ತೆಗಿ ಅಂದಳು. ತೆಗೆದುಕೊಟ್ಟೆ. ಅವ್ವ ಅದನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನಿಂತಳು. ಅಷ್ಟು ಹೊತ್ತಿಗೆ ಪೂಜೆ ಮುಗಿಸಿ ಅಜ್ಜಿ ಅಡುಗೆಮನೆಗೆ ಬಂದರು. ಅವ್ವ ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ಅಜ್ಜಿ ಬಿರಡೆಯನ್ನು ಮೂಸಿದವರೇ ಅಂಗಳಕ್ಕೆ ಎಸೆದು, ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡು, ಮತ್ತೆ ಬಂದು ಗೋಡೆಗೆ ಒರಗಿ ಕೂತುಬಿಟ್ಟರು.  ನಾನು ಏನೋ ದೊಡ್ಡ ತಪ್ಪು ಮಾಡಿದೆನೆಂದು ಅಳಲು ಶುರುಮಾಡಿದೆ.

ನಮ್ಮ ಅಜ್ಜನನ್ನು ನಾನು ನೋಡಿಲ್ಲ. ಅವರು ಒಳ್ಳೆಯ ಬೇಸಾಯಗಾರ, ಊರಿಗೆ ಬೇಕಾದವರು, ಅಷ್ಟು ಮಾತ್ರ ಹೊರಗಿನವರು ಹೇಳುತ್ತಿದ್ದರು. ಆ ದಿನ ಅವ್ವ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಉಳಿದದ್ದನ್ನು ಹೇಳಿದಳು. ತಿಪಟೂರಿಗೆ ಕೊಬ್ಬರಿ ಹಾಕಲು ಹೋದ ದಿನಗಳಲ್ಲಿ ಅಜ್ಜ ಸಾರಾಯಿ ಕುಡಿದು ಸಂಜೆಗೆ ಬರುತ್ತಿದ್ದರಂತೆ. ಬಡಿಸಿದ ತಟ್ಟೆಯನ್ನು ಎತ್ತಿ ಎಸೆಯುತ್ತಿದ್ದರಂತೆ. ಅಜ್ಜಿ ಮತ್ತೆ ಬಡಿಸಿದರೆ ಮತ್ತೆ ಎಸೆಯುತ್ತಿದ್ದರಂತೆ. ಚೆಲ್ಲಿದ ಮುದ್ದೆ ಸಾರನ್ನು ಗೋಮಯ ಹಾಕಿ ಸಾರಿಸಿ, ಮಕ್ಕಳನ್ನು ಮಲಗಿಸಿ, ಅಜ್ಜಿ ಹಸಿದೇ ಇರುತ್ತಿದ್ದರಂತೆ. ಅಜ್ಜ ತೀರಿಕೊಂಡ ಮೇಲೆ ಈ ಮನೆಯ ಹೊಸಿಲಿಗೆ ಆ ವಾಸನೆ ಬರಕೂಡದೆಂದು ಅಜ್ಜಿ ತಮ್ಮ ಲಿಂಗದ ಮೇಲೆ ಆಣೆ ಇಟ್ಟಿದ್ದರು.

ಆ ಸಂಜೆ ಅಪ್ಪ ಬಂದಾಗ ಅಜ್ಜಿ ಜಗಲಿಯಲ್ಲೇ ಕಾದಿದ್ದರು.

"ಅವರು ಇರ್ಬೇಕು, ಇಲ್ಲಾ ನಾನಿರ್ಬೇಕು. ನೀನೇ ನೋಡ್ಕೊ."

ಅಪ್ಪ ಅದೂ ಇದೂ ಹೇಳಿ ತಪ್ಪಿಸಿಕೊಳ್ಳಲು ನೋಡಿದರು. ಕಾರ್ಖಾನೆಯವರಿಗೆ ಮಾತು ಕೊಟ್ಟಾಗಿದೆ, ಯಂತ್ರ ಕೂಡುವವರೆಗೆ ಇನ್ನೆಂಟು ತಿಂಗಳು, ಅವರು ಕುಡಿದು ಗಲಾಟೆ ಮಾಡಿದ್ದನ್ನು ಯಾರಾದರೂ ಕಂಡಿದ್ದೀರಾ ಎಂದೆಲ್ಲ. ಅಜ್ಜಿ ಊಟಕ್ಕೂ ಏಳಲಿಲ್ಲ. ಎರಡು ದಿನ ಬರೀ ಹಾಲು ಕುಡಿದುಕೊಂಡಿದ್ದರು. ಮೂರನೆಯ ದಿನ ಅವ್ವ ಕಿಟಕಿಯ ಹತ್ತಿರ ಹೋಗಿ ಲುಚಿಯಾಳನ್ನು ಕರೆದಳು. ಅಷ್ಟರಲ್ಲಿ ಲುಚಿಯಾಗೆ ಉಪ್ಪು, ನೀರು, ಬೇಕು, ಬೇಡ, ಬಾ, ಕೂತ್ಕೊ ಎಂಬಷ್ಟು ಕನ್ನಡ ಬಂದಿತ್ತು. ಆ ಇಪ್ಪತ್ತು ಮೂವತ್ತು ಮಾತುಗಳಲ್ಲಿ, ಉಳಿದದ್ದಕ್ಕೆ ಕೈಸನ್ನೆಯಲ್ಲಿ, ಅವ್ವ ಅಜ್ಜನ ಕಥೆಯನ್ನು ಪೂರ್ತಿಯಾಗಿ ತಿಳಿಸಿದಳು. ತಟ್ಟೆ ಎಸೆದದ್ದನ್ನು ತೋರಿಸಲು ಒಂದು ಖಾಲಿ ತಟ್ಟೆಯನ್ನು ಎತ್ತಿ ನೆಲಕ್ಕೆ ಹಾಕಿದಳು. ಲುಚಿಯಾ ಅದನ್ನು ನೋಡಿದವಳು ಸೊಂಟಕ್ಕೆ ಕಟ್ಟಿಕೊಂಡಿದ್ದ ಬಟ್ಟೆಯಿಂದ ಕೈ ಒರೆಸಿಕೊಂಡು, ಕಿಟಕಿ ಬಿಟ್ಟು, ಸುತ್ತು ಹಾಕಿಕೊಂಡು ನಮ್ಮ ಮುಂಬಾಗಿಲಿಗೆ ಬಂದಳು. ಒಳಗೆ ಕಾಲಿಡಲಿಲ್ಲ. ಹೊಸಿಲಾಚೆ ನಿಂತು ಅಜ್ಜಿಗೆ ಕೈ ಮುಗಿದಳು.

"ಅಜ್ಜಿ, ಭಾನುವಾರ ಬಾ. ಕೂತ್ಕೊ. ನೋಡು. ಆಮೇಲೆ ಹೋಗು ಅಂದ್ರೆ, ಹೋಗ್ತೀನಿ."

ಭಾನುವಾರ ಮಧ್ಯಾಹ್ನ ಅಜ್ಜಿ ಹೋದರು. ಅವರ ಜಗಲಿಗೆ ಅಲ್ಲ, ನಮ್ಮ ಜಗಲಿಯ ತುದಿಗೆ, ಎಲ್ಲ ಕಾಣುವಂಥ ಜಾಗಕ್ಕೆ. ಮಗ್ಗುಲಲ್ಲಿ ನಾನು. ಗಂಡ ಹೆಂಡತಿ ಮೇಜು ಎಳೆದುಕೊಂಡು ಎದುರುಬದುರಾಗಿ ಕೂತರು. ನಡುವೆ ಟೊಮೊಟೊ ಗೊಜ್ಜಿನ ಪಟ್ಟಿಗಳ ಪಾತ್ರೆ. ಅವನು ಅವಳಿಗೆ ಬಡಿಸಿದ, ಅವಳು ಅವನಿಗೆ ಬಡಿಸಿದಳು. ತಮ್ಮ ಊರಿನಿಂದ ತಂದ ದ್ರಾಕ್ಷಿ ಮದ್ಯದ ಶೀಸೆಯಿಂದ ಇಬ್ಬರ ಲೋಟಕ್ಕೂ ಅರ್ಧರ್ಧ ಬಗ್ಗಿಸಿಕೊಂಡರು. ಒಂದು ತುತ್ತು, ಒಂದು ಗುಟುಕು, ಒಂದಿಷ್ಟು ಮಾತು. ಒಂದು ಸಲ ಅವನೇನೋ ಹೇಳಿದ್ದಕ್ಕೆ ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಗಂಟೆ ಹೊತ್ತು ಉಂಡರು. ಆಮೇಲೆ ಅವನು ಎದ್ದು ತಟ್ಟೆಗಳನ್ನು ಒಳಗೆ ತೆಗೆದುಕೊಂಡು ಹೋದ.  ಅಜ್ಜಿ ಮುಂದಿನ ಭಾನುವಾರವೂ ಅಲ್ಲೇ ಕೂತರು, ಅದರ ಮುಂದಿನದೂ. ಅವರು ಏನನ್ನು ಕಾಯುತ್ತಿದ್ದಾರೆಂದು ನನಗೆ ಆಗ ತಿಳಿಯಲಿಲ್ಲ, ಈಗ ಗೊತ್ತು. ಪಾವ್ಲೊ ತಟ್ಟೆ ಎಸೆಯುವ ದಿನವನ್ನು ಕಾಯುತ್ತಿದ್ದರು. ಆ ದಿನ ಬರಲಿಲ್ಲ. ಐದನೆಯದೋ ಆರನೆಯದೋ ಭಾನುವಾರ ಅಜ್ಜಿ ಜಗಲಿಗೆ ಬರಲಿಲ್ಲ, ಒಳಗೆ ಹೋಗಿ ಅವ್ವನ ಹತ್ತಿರ ನಿಧಾನವಾಗಿ ಹೇಳಿದರು:

"ಊಟದ ಜತೆಗೆ ಕುಡಿಯೋರನ್ನ ನಾನು ನೋಡೇ ಇರ್ಲಿಲ್ಲ ಕಣೇ ಪಾರ್ವತಿ. ಇರ್ಲಿ ಬುಡು."

ಅವ್ವ ಲುಚಿಯಾಳ ಶೀಸೆಗಳ ಬಗ್ಗೆ ಕುತೂಹಲ ತಾಳಿದ್ದು ಆಮೇಲೆ. ಮೊದಲು ಅದು ಕಿಟಕಿಯಾಚೆಯಿಂದ ಬರುತ್ತಿದ್ದ ವಾಸನೆಯ ಲೆಕ್ಕ ಅಷ್ಟೆ. ಅವ್ವ ತಟಕ್ಕನೆ ನನ್ನತ್ತ ತಿರುಗಿ, ಇವತ್ತು ಬೇರೆ ಶೀಸೆ ತೆಗೆದವಳೆ ನೋಡು ಎನ್ನುವಳು. ನಾನು ಓಡಿಹೋಗಿ ನೋಡಿದರೆ ಹೌದು. ಇದು ಲುಚಿಯಾಗೆ ತಿಳಿದಾಗ ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಲೋಟದಲ್ಲಿ ಒಂದು ಚೂರು ಹಾಕಿ ಕಿಟಕಿಯ ಮೇಲಿಟ್ಟು, ಪಕ್ಕದಲ್ಲಿ ಒಂದು ತುಂಡು ಬೇಯಿಸಿದ ಬದನೆಕಾಯಿಯನ್ನೋ ನಮ್ಮ ಹಸುವಿನ ಹಾಲು ಒಡೆಸಿ ಹಿಂಡಿದ ಮೆತ್ತನೆಯ ಗಿಣ್ಣಿನಂಥದ್ದನ್ನೋ ಇಟ್ಟು, ಕೂಡುತ್ತಾ ಎಂದು ಹುಬ್ಬಿನಲ್ಲೇ ಕೇಳುವಳು. ಕೂಡು ಎಂಬ ಮಾತನ್ನು ಅವಳಿಗೆ ನಾನೇ ಕಲಿಸಿದ್ದೆ. ಅವ್ವ ಲೋಟವನ್ನು ಎಂದೂ ಕೈಯಲ್ಲಿ ಮುಟ್ಟಲಿಲ್ಲ, ತುಟಿಗೆ ತಾಗಿಸಿದ್ದಂತೂ ಇಲ್ಲವೇ ಇಲ್ಲ. ಬಗ್ಗಿ ಲೋಟವನ್ನು ಮೂಸುವಳು, ಬಗ್ಗಿ ಅಡುಗೆಯನ್ನು ಮೂಸುವಳು, ಆಮೇಲೆ ತನ್ನ ತೀರ್ಪು ಹೇಳುವಳು. ಹಾಲಿನ ಜಿಡ್ಡಿಗೆ ನಿಂಬೆಹುಳಿಯಂಥದು ಬೇಕು, ನಾಲಿಗೆ ತೊಳೀಬೇಕು ಅದು. ಟೊಮೊಟೊ ಹುಳಿಗೆ ಹುಳಿಯಾದ್ದೇ ಇರಲಿ, ಸಪ್ಪೆಯದನ್ನು ಇಟ್ಟರೆ ಸೋತುಹೋಗುತ್ತದೆ. ಕಾಳಿಗೆ ಒಗರಾದದ್ದು ಬರಲಿ, ನೇರಳೆಹಣ್ಣಿನ ಸಿಪ್ಪೆಯಂಗೆ ಬಾಯಿ ಹಿಡೀಬೇಕು. ಇದೆಲ್ಲ ಮಜ್ಜಿಗೆ ಗಡಿಗೆಗಳ ಮುಂದೆ ಅವ್ವ ನನಗೆ ಹತ್ತು ಸಲ ಹೇಳಿದ ಮಾತುಗಳೇ. ಲುಚಿಯಾ ಒಂದೊಂದಕ್ಕೂ ತಲೆಯಾಡಿಸುತ್ತಿದ್ದಳು. ತನ್ನ ಅಪ್ಪನೂ ಇದನ್ನೇ ಹೇಳುತ್ತಾನೆ ಎಂದು ಅವಳು ನನಗೆ ತಿಳಿಸಲು ಪಟ್ಟ ಪಾಡು ಈಗಲೂ ಕಣ್ಣ ಮುಂದಿದೆ. ಆಮೇಲೆ ಅವ್ವ ನನ್ನನ್ನೂ ಕಿಟಕಿಗೆ ಕರೆದು, ಕಣ್ಣು ಮುಚ್ಚು, ಏನು ಹೊಡೀತದೆ ಹೇಳು ಎನ್ನತೊಡಗಿದಳು. ತಪ್ಪು ಹೇಳಿದರೆ ಬೈಯುತ್ತಿರಲಿಲ್ಲ. ಇನ್ನೊಂದು ಸಲ ಮೂಸು, ಅವಸರ ಬೇಡ, ನಿನಗೆ ಏನು ಅನ್ನಿಸ್ತದೋ ಅದನ್ನೇ ಹೇಳು, ನನ್ನ ಮುಖ ನೋಡಿ ಹೇಳಬೇಡ ಎನ್ನುತ್ತಿದ್ದಳು. ಶಾಲೆಯಲ್ಲಿ ಯಾರೂ ನನಗೆ ಹಾಗೆ ಹೇಳಿರಲಿಲ್ಲ.

ಅವರು ತಂದಿದ್ದ ಶೀಸೆಗಳು ಮುಗಿಯುತ್ತ ಬಂದಾಗ ಲುಚಿಯಾ ತಿಪಟೂರಿನಿಂದ ಬೀಜವಿರುವ ಕಪ್ಪು ದ್ರಾಕ್ಷಿ ತರಿಸಿ, ಉಪ್ಪಿನಕಾಯಿಯ ಹೊಸ ಜಾಡಿಯೊಂದರಲ್ಲಿ ಹಿಸುಕಿಟ್ಟು ತಾನೇ ಎರಡು ಶೀಸೆ ಮಾಡಿಕೊಂಡಳು. ನಮ್ಮ ಸೆಕೆಗೆ ಕೆಡದಿರಲೆಂದು ಅವನ್ನೂ, ಊರಿನಿಂದ ತಂದು ಉಳಿಸಿಕೊಂಡಿದ್ದ ಎರಡನ್ನೂ ತೋಟದ ತೊಟ್ಟಿಯ ನೀರಿನಲ್ಲಿ ಮುಳುಗಿಸಿಟ್ಟಳು. ಅಷ್ಟರಲ್ಲಿ ಪಾವ್ಲೊನ ಮೇಲಧಿಕಾರಿ ಇಟಲಿಯಿಂದ ಬರುವ ಸುದ್ದಿ ಬಂತು. ವಯಸ್ಸಾದವರು, ಅವಳ ಅಪ್ಪನ ಸೀಮೆಯವರೇ, ಭಾನುವಾರದ ಊಟಕ್ಕೆ ಮನೆಗೇ ಬರುತ್ತಾರೆ. ಇಲ್ಲಿನ ಕೆಲಸ ಮುಗಿದ ಮೇಲೆ ಪಾವ್ಲೊಗೆ ಮನೆಯ ಹತ್ತಿರದ ಊರು ಸಿಗುತ್ತದೋ ಮತ್ತೊಂದು ದೂರದೇಶವೋ ಎಂಬುದು ಅವರ ಕೈಯಲ್ಲಿತ್ತು. ಲುಚಿಯಾ ಅಪ್ಪನನ್ನು ನೋಡಿ ನಾಲ್ಕು ವರ್ಷವಾಗಿತ್ತು. ಅವರಿಗೆ ಮನೆಯ ಊಟ, ಮನೆಯ ಹದದಲ್ಲೇ ಬಡಿಸಬೇಕೆಂದು ಅವಳು ವಾರವಿಡೀ ತಯಾರಿ ಮಾಡಿದಳು. ಶನಿವಾರ ಅವಳಿಗೆ ನೆಗಡಿ ಹಿಡಿಯಿತು. ಭಾನುವಾರ ಬೆಳಿಗ್ಗೆ ಮೂಗು ಪೂರಾ ಕಟ್ಟಿಹೋಗಿ, ಕಣ್ಣು ಕೆಂಪಾಗಿ, ಬೆಳ್ಳುಳ್ಳಿ ಸೀದರೂ ತಿಳಿಯದ ಸ್ಥಿತಿ. ಅದೂ ಸಾಲದೆಂಬಂತೆ ತೊಟ್ಟಿಯಿಂದ ತೆಗೆದ ಶೀಸೆಗಳ ಚೀಟಿಗಳೆಲ್ಲ ನೆನೆದು ಕಳಚಿ ನೀರಿನಲ್ಲಿ ತೇಲುತ್ತಿದ್ದವು. ನಾಲ್ಕೂ ಕಡುಹಸಿರು ಗಾಜು, ನಾಲ್ಕೂ ಒಂದೇ ಥರ. ಪಾವ್ಲೊ ಅತಿಥಿಯನ್ನು ಕರೆತರಲು ಹೋಗಿದ್ದ. ಲುಚಿಯಾ ಅವನ್ನು ನಮ್ಮ ಜಗಲಿಗೇ ತಂದು ಸಾಲಾಗಿ ಇಟ್ಟು, ಬಿರಡೆ ಕಿತ್ತು, ಅವ್ವನ ಮುಖ ನೋಡಿದಳು. ಕಿಟಕಿ ಸಾಲದು, ಬೆಳಕು ಬೇಕು, ಜಾಗ ಬೇಕು. ಅವ್ವ ಒಂದು ಗಳಿಗೆ ಒಳಗೆ ಅಜ್ಜಿಯ ಕಡೆ ನೋಡಿ, ಸೆರಗು ಸಿಕ್ಕಿಸಿಕೊಂಡು, ಕೂತಳು.

ಅವ್ವ ಮೂರನೆಯ ಶೀಸೆಗೆ ಬಗ್ಗಿದ್ದಾಗ ತುರುವೇಕೆರೆಯಿಂದ ಬಸ್ಸಿನಲ್ಲಿ ಬಂದ ಗಂಗತ್ತೆ ಅಂಗಳಕ್ಕೆ ಕಾಲಿಟ್ಟರು. ಗಂಗತ್ತೆ ಅಪ್ಪನ ಅಕ್ಕ. ತಾಯಿ ಪಟ್ಟ ಪಾಡನ್ನು ಕಣ್ಣಾರೆ ಕಂಡು ಬೆಳೆದವರು. ಕೈಚೀಲ ಅಲ್ಲೇ ಬಿತ್ತು.

"ವಿಭೂತಿ ಇಟ್ಕೊಂಡು ಹೆಂಡದ ಶೀಸೆ ಮೂಸ್ತಾ ಕೂತಿದೀಯಲ್ಲೇ. ನಮ್ಮವ್ವ ಸತ್ತೋದ್ಲು ಅನ್ಕೊಂಡ್ಯಾ?"

ನಾನು ಅವ್ವನ ಕೈ ನೋಡಿದೆ. ಅದು ಶೀಸೆಯ ಪಕ್ಕ ನೆಲದ ಮೇಲೆ ಹಾಗೇ ಇತ್ತು. ಅವ್ವ ಏಳಲಿಲ್ಲ, ತಲೆ ತಗ್ಗಿಸಲೂ ಇಲ್ಲ. ಕೂತ್ಕೊಳಕ್ಕ, ಬಿಸಿಲಲ್ಲಿ ಬಂದಿದೀಯ ಎಂದಳು. ಗಂಗತ್ತೆ ಕೂರಲಿಲ್ಲ. ಈ ಮನೆಯ ಹೆಸರು, ಬಳಗ, ನಾಳೆ ಈ ಹುಡುಗಿಯನ್ನು ಯಾರು ತಂದುಕೊಳ್ಳುತ್ತಾರೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಲುಚಿಯಾ ಮಾತು ತಿಳಿಯದಿದ್ದರೂ ವಿಷಯ ತಿಳಿದು ಶೀಸೆಗಳನ್ನು ಎತ್ತಿಕೊಳ್ಳಲು ಬಗ್ಗಿದಳು. ಆಗ ಅಜ್ಜಿ ಒಳಗಿನಿಂದ ಬಂದರು. ಬಾಗಿಲ ಚೌಕಟ್ಟು ಹಿಡಿದು ನಿಂತು, ಲುಚಿಯಾಗೆ ಬೇಡ ಎಂದು ಕೈ ತೋರಿಸಿ, ಮಗಳ ಕಡೆ ತಿರುಗಿದರು.

"ಗಂಗಾ, ನಿಮ್ಮಪ್ಪನ ವಾಸನೆ ನಿನಗಿಂತ ನನಗೆ ಚೆನ್ನಾಗಿ ಗೊತ್ತು. ಇದು ಅದಲ್ಲ. ಇವರು ಎದುರುಬದುರು ಕೂತು ಉಣ್ತಾರೆ, ಉಂಡ ತಟ್ಟೆ ಅವನೇ ಎತ್ತಿಡ್ತಾನೆ. ನಾನು ಐದು ವಾರ ಕೂತು ನೋಡಿದೀನಿ. ನಿಮ್ಮಪ್ಪ ಒಂದು ದಿನ ಹಂಗೆ ಕೂತಿದ್ರೆ, ಕುಡ್ಕೊಂಡೇ ಕೂತಿದ್ರೂ, ನಾನು ಬಡಿಸ್ತಿದ್ದೆ."

ಅಜ್ಜಿ ಅಜ್ಜನ ವಿಷಯವನ್ನು ಮಕ್ಕಳ ಮುಂದೆ ಬಾಯಿಬಿಟ್ಟು ಆಡಿದ್ದು ಅದೇ ಮೊದಲು.  ಗಂಗತ್ತೆ ಜಗಲಿಯ ಕಂಬಕ್ಕೆ ಒರಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅಜ್ಜಿ ಹೋಗಿ ಪಕ್ಕದಲ್ಲಿ ಕೂತರು. ಇಬ್ಬರೂ ಎಷ್ಟೋ ವರ್ಷದಿಂದ ಕೂಡಿಟ್ಟುಕೊಂಡಿದ್ದ ಅಳು ಅದು ಎಂದು ಹತ್ತು ವರ್ಷದ ನನಗೂ ಅನ್ನಿಸಿತು. ಅವ್ವ ಮಾತ್ರ ತನ್ನ ಕೆಲಸ ನಿಲ್ಲಿಸಲಿಲ್ಲ. ನಾಲ್ಕನೆಯ ಶೀಸೆ ಮೂಸಿ, ಮತ್ತೆ ಮೊದಲನೆಯದಕ್ಕೆ ಬಂದು, ಲುಚಿಯಾಳ ಕಿಟಕಿಯ ಹತ್ತಿರ ಹೋಗಿ ಪಾತ್ರೆಗಳ ಮುಚ್ಚಳ ತೆಗೆಸಿ ಮೂಸಿ ಬಂದು, ನನ್ನನ್ನು ಕರೆದಳು. ಮೊದಲನೆಯದು ಹಾಲಿನ ಗಿಣ್ಣಿಗೆ. ಮೂರನೆಯದು ಟೊಮೊಟೊ ಗೊಜ್ಜಿಗೆ. ನಾಲ್ಕನೆಯದು, ಲುಚಿಯಾ ತಾನೇ ಮಾಡಿದ್ದು, ಅಲಸಂದೆ ಕಾಳಿಗೆ. ಎರಡನೆಯದನ್ನು ದೂರ ಇಡು ಎಂದು ಅವ್ವ ಲುಚಿಯಾಗೆ ಕೈ ತೋರಿಸಿದಳು. ನನಗೆ ಹಾಗನ್ನಿಸಲಿಲ್ಲ. ಅವ್ವನ ಮುಖ ನೋಡದೆ ಹೇಳಿದೆ:

"ಅವ್ವ, ಮೂರನೇದು ಒಗರು, ಕಾಳಿಗೆ ಅದೇ ಬೇಕು. ಲಚ್ಚಮ್ಮ ಮಾಡಿದ್ದೇ ಹುಳಿ. ಅದು ಟೊಮೊಟೊಗೆ."

ಅವ್ವ ಮತ್ತೆ ಎರಡನ್ನೂ ಮೂಸಿದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ಮೂಸಿದಳು. ಆಮೇಲೆ ಆ ಎರಡು ಶೀಸೆಗಳನ್ನು ತಾನೇ ಅದಲುಬದಲು ಮಾಡಿ ಇಟ್ಟಳು. ಶೀಸೆಯನ್ನು ಅವ್ವ ಕೈಯಿಂದ ಮುಟ್ಟಿದ್ದು ಆ ಒಂದು ಸಲ. ಎರಡನೆಯದು ನಿಜಕ್ಕೂ ಕೆಟ್ಟಿತ್ತು, ಇದು ಪೂರಾ ಹುಳಿತದೆ, ಗೊಜ್ಜಿಗೆ ಹಾಕಕ್ಕೆ ಆಯ್ತದೆ, ಕುಡಿಯಕ್ಕಲ್ಲ ಎಂದು ಲುಚಿಯಾಗೆ ಹೇಳಿ ಎದ್ದು ಗಂಗತ್ತೆಗೆ ಎಲೆ ಹಾಕಲು ಒಳಗೆ ಹೋದಳು.

ಮಧ್ಯಾಹ್ನ ಬಂದ ಆ ಹಿರಿಯರು ಬಿಳಿ ಮೀಸೆಯ, ಮಿತಭಾಷಿ. ಎರಡನೆಯ ಅಡುಗೆಗೆ ಲೋಟವನ್ನು ಬೆಳಕಿಗೆ ಹಿಡಿದು ನೋಡಿದರಂತೆ. ಅಲಸಂದೆ ಕಾಳಿನ ಹೊತ್ತಿಗೆ ಲುಚಿಯಾಳನ್ನು ಕರೆದು, ಇದನ್ನೆಲ್ಲ ಆರಿಸಿದವರು ಯಾರು ಎಂದು ಕೇಳಿದರಂತೆ. ಅವಳು ಗೋಡೆಯ ಕಡೆ ಕೈ ತೋರಿಸಿದಳು. ಅವರು ಊಟ ಮುಗಿಸಿ ನಮ್ಮ ಬಾಗಿಲಿಗೆ ಬಂದು, ಹ್ಯಾಟು ತೆಗೆದು, ಅವ್ವನಿಗೆ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಅವ್ವ ಒಳಗಿನಿಂದಲೇ ಕೈ ಮುಗಿದಳು. ಅಪ್ಪ ಅದನ್ನು ಇಂಗ್ಲಿಷಿನಲ್ಲಿ ಕೇಳಿ ತಿಳಿದುಕೊಂಡು, ನಿನ್ನ ಕೈಯಲ್ಲಿ ಅವರ ಊರು ಕಂಡಂಗಾಯ್ತಂತೆ ಎಂದು ಅವ್ವನಿಗೆ ಹೇಳಿದರು. ಅವ್ವ ನನ್ನ ಕಡೆ ತೋರಿಸಿ, ಅರ್ಧ ಇವಳದು ಅಂದಳು.

ಯಂತ್ರ ಕೂಡಿದ ಮೇಲೆ ಪಾವ್ಲೊಗೆ ಮನೆಯ ಹತ್ತಿರದ ಊರೇ ಸಿಕ್ಕಿತು. ಲುಚಿಯಾ ಹೊರಡುವ ದಿನ ಅವ್ವ ಅವಳಿಗೆ ಉಡಿ ತುಂಬಿದಳು, ಇಬ್ಬರೂ ಅತ್ತರು. ಗಂಗತ್ತೆ ಎರಡು ವರ್ಷ ನಮ್ಮ ಮನೆಯಲ್ಲಿ ನೀರು ಕುಡಿಯಲಿಲ್ಲ. ಆದರೆ ಅಜ್ಜಿಯನ್ನು ತಿಂಗಳಿಗೊಮ್ಮೆ ತಮ್ಮ ಮನೆಗೆ ಕರೆಸಿಕೊಂಡು, ಎದುರಿಗೆ ಕೂತು ಉಣ್ಣುತ್ತಿದ್ದರು ಎಂದು ಅಜ್ಜಿಯೇ ಹೇಳಿದ್ದು. ಬಳಗದ ಕೆಲವರು ಹಿಂದಿನಿಂದ ಆಡಿಕೊಂಡರು. ಅವ್ವನನ್ನು ಮುಖಕ್ಕೇ ಕೇಳಿದವರಿಗೆ ಅವ್ವ, ಹೌದು, ಮೂಸಿದೆ, ಕುಡೀಲಿಲ್ಲ ಎಂದು ಅಷ್ಟೇ ಹೇಳಿ ಮುಂದಿನ ಮಾತಿಗೆ ಹೋಗುತ್ತಿದ್ದಳು. ಸಮಜಾಯಿಷಿ ಕೊಡದೆ ಬದುಕಬಹುದೆಂಬುದನ್ನು ನಾನು ಅಲ್ಲಿಂದ ಕಲಿತೆ. ತಿಪಟೂರಿನ ಕಾಲೇಜಿನಲ್ಲಿ, ಆಮೇಲೆ ಮೇಷ್ಟರ ಕೆಲಸದಲ್ಲಿ, ನನಗೆ ಅನ್ನಿಸಿದ್ದನ್ನು ಅನ್ನಿಸಿದಂತೆ ಹೇಳಲು ನನಗೆ ಎಂದೂ ಕಷ್ಟವಾಗಲಿಲ್ಲ.

ಅರಳಗುಪ್ಪೆಯಿಂದ ನನ್ನನ್ನು ನೋಡಲು ಬಂದವರು ಮೂರನೆಯವರು. ಹುಡುಗ ತೆಂಗಿನ ತೋಟದವರು, ಜೊತೆಗೆ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು. ಕೇಳುವುದಿದ್ದರೆ ಕೇಳಮ್ಮ ಎಂದು ಅವರ ತಂದೆ ಸುಮ್ಮನೆ ಬಾಯಿಮಾತಿಗೆ ಹೇಳಿದರು. ಮೊದಲಿನ ಇಬ್ಬರಿಗೆ ಕೇಳಿದ್ದನ್ನೇ ನಾನು ಕೇಳಿದೆ: ದಿನಕ್ಕೆ ಒಂದು ಹೊತ್ತಾದರೂ ನನ್ನ ಜೊತೆ ಕೂತು ಊಟ ಮಾಡುತ್ತೀರಾ ಎಂದು. ಆ ಇಬ್ಬರ ಮನೆಯವರು ಕಾಫಿ ಲೋಟ ಕೆಳಗಿಟ್ಟು ಎದ್ದಿದ್ದರು. ಈ ಮೇಷ್ಟರು ಲೋಟ ಹಿಡಿದುಕೊಂಡೇ ಕೇಳಿದರು:

"ಹಂಗಾದ್ರೆ ಬಡಿಸೋರು ಯಾರು?"

"ಪಾತ್ರೆ ನಡುವೆ ಇಟ್ಕೊಂಡ್ರೆ ಇಬ್ಬರಿಗೂ ಕೈಗೆಟುಕ್ತದೆ" ಎಂದೆ.

ಅವರು ತಮ್ಮ ತಾಯಿಯ ಕಡೆ ನೋಡಿದರು. ಆ ತಾಯಿ, ಮುಂದೆ ನನ್ನ ಅತ್ತೆಯಾದವರು, ಬೇಡವೆನ್ನಲಿಲ್ಲ. ಮದುವೆಯಾಗಿ ಆ ಮನೆಗೆ ಹೋದ ಮೇಲೆ ನಾವಿಬ್ಬರೂ ಎದುರುಬದುರು ಕೂತು ಉಂಡೆವು, ಅತ್ತೆ ಗೋಡೆಗೆ ಒರಗಿ ನೋಡುತ್ತಿದ್ದರು. ನಾನು ದಿನವೂ ಅವರಿಗೊಂದು ತಟ್ಟೆ ಇಡುತ್ತಿದ್ದೆ, ದಿನವೂ ಅವರು ಆಮೇಲೆ ಎಂದು, ಎಲ್ಲರದೂ ಮುಗಿದ ಮೇಲೆ ಆರಿದ್ದನ್ನು ಒಬ್ಬರೇ ಉಣ್ಣುತ್ತಿದ್ದರು. ಮೂರನೆಯ ತಿಂಗಳು, ಹುರುಳಿ ಸಾರಿನ ಒಂದು ಮಧ್ಯಾಹ್ನ, ಅತ್ತೆ ಮಣೆ ಎಳೆದುಕೊಂಡು ಬಂದು ನಮ್ಮ ನಡುವೆ ಕೂತು, ತಾವೇ ಮುದ್ದೆ ಹಾಕಿಕೊಂಡರು. ಸಾರು ಬಿಸಿಯಾಗಿತ್ತು. ಇಷ್ಟು ವರ್ಷ ಇದು ಬಿಸಿಯಾಗಿದ್ದಾಗ ಹೀಗಿರ್ತದೆ ಅಂತ ಗೊತ್ತೇ ಇರ್ಲಿಲ್ಲ ಎಂದರು.